ಮಗು ಫೋನಿನಲ್ಲಿ ಅತ್ತರೆ ಮೊದಲು ಮಗುವನ್ನು ನಂಬಿ

16 ವರ್ಷದ ಹುಡುಗ. ಊಟದ ಹೊತ್ತಲ್ಲಿ ಸ್ಯಾಂಡ್‌ವಿಚ್ ಎಸೆದ. ಅಷ್ಟಕ್ಕೇ ಸಿಬ್ಬಂದಿ ಅವನನ್ನು ನೆಲಕ್ಕೆ ಕೆಡವಿ, ಮೇಲೆ ಭಾರ ಹಾಕಿ, ನಿಮಿಷಗಟ್ಟಲೆ ಅದುಮಿ ಹಿಡಿದರು. ಉಸಿರಾಡೋಕೆ ಆಗ್ತಿಲ್ಲ ಅಂದ. ಬಿಡಲಿಲ್ಲ. ಮೈ ಸಡಿಲವಾದ ಮೇಲೂ ಆಂಬುಲೆನ್ಸ್ ಕರೆಯಲು ತಡ ಮಾಡಿದರು. ಎರಡು ದಿನಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡ. ಇದು ನಡೆದಿದ್ದು 2020ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಮಕ್ಕಳನ್ನು ಸರಿದಾರಿಗೆ ತರುತ್ತೇವೆ ಅಂತ ನಡೆಸುತ್ತಿದ್ದ ಕೇಂದ್ರ ಅದು.

ಅಲ್ಲಿ ಇಂಥ ಕೇಂದ್ರಗಳದ್ದು ದೊಡ್ಡ ವ್ಯಾಪಾರ. ಮಾತು ಕೇಳದ, ಗಾಂಜಾ ಸೇದುವ, ಮಂಕಾಗಿ ಕೂತಿರುವ ಮಕ್ಕಳನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ. ಎಷ್ಟೋ ಮಕ್ಕಳನ್ನು ನಡುರಾತ್ರಿ ಯಾರೋ ಗಟ್ಟಿಯಾಳುಗಳು ಹಾಸಿಗೆಯಿಂದಲೇ ಎಬ್ಬಿಸಿ ಕರೆದೊಯ್ಯುತ್ತಾರೆ. ದುಡ್ಡು ಕೊಟ್ಟು ಅವರನ್ನು ಕರೆಸಿರುವುದು ಅಪ್ಪ ಅಮ್ಮನೇ. ಅವರಿಗೆ ಮಗುವಿನ ಮೇಲೆ ದ್ವೇಷವಿಲ್ಲ. ದಿಕ್ಕು ತೋಚದೆ ಹಾಗೆ ಮಾಡಿರುತ್ತಾರೆ.

ಸೇರಿಸಿಕೊಳ್ಳುವಾಗಲೇ ಕೇಂದ್ರದವರು ಅವರಿಗೆ ಒಂದು ಮಾತು ಹೇಳಿರುತ್ತಾರೆ: ಮಗು ಫೋನಲ್ಲಿ ಅಳುತ್ತೆ, ಹೊಡೀತಾರೆ ಅಂತ ಸುಳ್ಳು ಹೇಳುತ್ತೆ, ಮನಸ್ಸು ಕರಗಿಸಿಕೊಳ್ಳಬೇಡಿ. ನನಗೆ ಇಡೀ ವಿಷಯದಲ್ಲಿ ಅತಿ ಕ್ರೂರ ಅನಿಸುವುದು ಇದೇ. ಮಗು ಮಾತಾಡುವಾಗ ಪಕ್ಕದಲ್ಲಿ ಸಿಬ್ಬಂದಿ ಕೂತಿರುತ್ತಾರೆ. ದೂರು ಬಾಯಿಗೆ ಬಂತೋ, ಲೈನ್ ಕಟ್, ಆಮೇಲೆ ಶಿಕ್ಷೆ. ಹೇಗೋ ತಪ್ಪಿಸಿ ಹೇಳಿದರೂ, ಕೇಳುವವರ ಕಿವಿ ಮೊದಲೇ ಮುಚ್ಚಿಸಿ ಆಗಿದೆ. ಇನ್ನು ಆ ಮಗು ಯಾರ ಹತ್ತಿರ ಹೇಳಬೇಕು?

ಹದಿಹರೆಯದಲ್ಲಿ ಯೂಟಾ ರಾಜ್ಯದ ಇಂಥದ್ದೇ ಕೇಂದ್ರದಲ್ಲಿದ್ದ, ಅಮೆರಿಕದ ಹೆಸರಾಂತ ತಾರೆ ಪ್ಯಾರಿಸ್ ಹಿಲ್ಟನ್ 2021ರಲ್ಲಿ ಅಲ್ಲಿನ ಶಾಸಕರ ಮುಂದೆ ಎಲ್ಲವನ್ನೂ ಹೇಳಿದರು. ಅದೇ ವರ್ಷ ಯೂಟಾದಲ್ಲಿ ಕಾನೂನು ಬಂತು. ವರ್ಷಕ್ಕೆ ನಾಲ್ಕು ಸಲ ತಪಾಸಣೆ. ವಾರಕ್ಕೊಮ್ಮೆ ಮನೆಯವರ ಜೊತೆ ಖಾಸಗಿಯಾಗಿ ಮಾತು. ನನ್ನ ಕೇಳಿದರೆ ಎರಡನೆಯದೇ ದೊಡ್ಡದು. ತಪಾಸಣೆಯ ದಿನ ಯಾವ ಜಾಗವೂ ಚೊಕ್ಕಟವಾಗಿಯೇ ಇರುತ್ತದೆ. 2024ರ ಜೂನ್‌ನಲ್ಲಿ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿಯೊಂದು ಕೊಟ್ಟ ವರದಿ ನೇರವಾಗಿಯೇ ಹೇಳಿದೆ: ಇದು ಅಲ್ಲೊಂದು ಇಲ್ಲೊಂದು ಆಗುವ ತಪ್ಪಲ್ಲ, ಹಾಸಿಗೆ ತುಂಬಿಸಿ ಸಿಬ್ಬಂದಿ ಕಡಿಮೆ ಇಟ್ಟು ಲಾಭ ಮಾಡುವ ಪದ್ಧತಿಯ ಫಲ. ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೆ ಅಂತ ಕಾನೂನೂ ಆಯಿತು. ಆದರೆ ಅದು ಮುಖ್ಯವಾಗಿ ಅಧ್ಯಯನ ಮಾಡಿಸುವ ಕಾನೂನು. ಸಾಲದು.

ಅಮೆರಿಕದ ಸುದ್ದಿ ನಮಗ್ಯಾಕೆ ಅನ್ನಬೇಡಿ. ಅಲ್ಲಿರುವ ಕನ್ನಡದ ಮನೆಗಳಲ್ಲೂ ಹದಿಹರೆಯದ ಮಕ್ಕಳಿದ್ದಾರೆ. ಇಲ್ಲೂ ಮಗ ಕೈತಪ್ಪಿದ ಅಂತ ರಿಹ್ಯಾಬ್ ಹುಡುಕುವವರಿದ್ದಾರೆ. ಅವರು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯನ್ನು ತಿಳಿದಿರಬೇಕು. ವ್ಯಸನದ ಚಿಕಿತ್ಸೆಯೂ ಅದರೊಳಗೆ ಬರುತ್ತದೆ. ಸರಪಳಿ ಹಾಕುವಂತಿಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. 18 ತುಂಬದವರನ್ನು ದೊಡ್ಡವರ ಜೊತೆ ಇಡುವಂತಿಲ್ಲ. ಅಂಥವರು ದಾಖಲಾದ 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಚಿಕಿತ್ಸೆಯ ಉದ್ದಕ್ಕೂ ಮನೆಯವರೋ ಅವರು ನೇಮಿಸಿದವರೋ ಮಗುವಿನ ಜೊತೆಯಲ್ಲೇ ಇರಬೇಕು.

ಹಾಗಾಗಿ ‘ಮೊದಲ ತಿಂಗಳು ನೋಡೋಕೆ ಬರಬೇಡಿ, ಫೋನೂ ಇಲ್ಲ’ ಅಂತ ಯಾರಾದರೂ ಹೇಳಿದರೆ ಅಲ್ಲಿ ಮಗುವನ್ನು ಬಿಡಲೇಬೇಡಿ. ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಈಗಾಗಲೇ ಬಿಟ್ಟಿದ್ದೀರಾ? ಮಗು ಕರ್ಕೊಂಡ್ಹೋಗಿ ಅಂತ ಅಳ್ತಿದೆಯಾ? ಇವತ್ತೇ ಹೋಗಿ. ಸಿಬ್ಬಂದಿಯನ್ನು ಆಚೆ ಕಳಿಸಿ, ಬಾಗಿಲು ಹಾಕಿಕೊಂಡು, ಅದು ಹೇಳುವುದನ್ನು ಪೂರ್ತಿ ಕೇಳಿ.