ಅಂದು ಮೂರು ತಿಂಗಳ ಜೈಲು, ಇಂದು ಹಡಗಿನ ಮೇಲೆ ಹೆಸರು

1903ರ ಮಾರ್ಚ್. ಪೆಸಿಫಿಕ್ ಸಾಗರದ ನಡುವಿನ ಹಿವಾ ಓವಾ ದ್ವೀಪದಲ್ಲಿ ಒಬ್ಬ ಚಿತ್ರಕಾರನಿಗೆ ಫ್ರೆಂಚರ ಕೋರ್ಟು ಮೂರು ತಿಂಗಳ ಜೈಲು, 500 ಫ್ರಾಂಕ್ ದಂಡ ಹಾಕಿತು. ಪೊಲೀಸರ ಭ್ರಷ್ಟಾಚಾರದ ಬಗ್ಗೆ ಕಾಗದ ಬರೆದದ್ದೇ ತಪ್ಪು. ಮೇಲ್ಮನವಿಗೆ ದುಡ್ಡು ಹೊಂದಿಸುವಷ್ಟರಲ್ಲಿ, ಮೇ 8ರಂದು, ಆಸಾಮಿ ತೀರಿಕೊಂಡ. ಹೆಸರು ಪಾಲ್ ಗೊಗ್ಯಾನ್. ಈಗ ಹಿವಾ ಓವಾ, ತಹೀತಿ ಎಲ್ಲ ಸೇರಿದ ಫ್ರೆಂಚ್ ಪಾಲಿನೇಷ್ಯಾಕ್ಕೆ ಹೋದವರಿಗೆ ಈ ಹೆಸರಿನಿಂದ ತಪ್ಪಿಸಿಕೊಳ್ಳುವುದೇ ಕಷ್ಟ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತಾರಲ್ಲ, ಹಾಗೆ.

ದ್ವೀಪದ ಬಿಷಪ್ಪರ ಕಥೆ ಇನ್ನೂ ಚೆನ್ನಾಗಿದೆ. ಅತುವೊನಾ ಊರಲ್ಲಿ ಗೊಗ್ಯಾನ್ ಕಣ್ಣು ಹಾಕಿದ್ದ ಜಾಗ ಚರ್ಚಿನದು. ಸರಿ, ದಿನಾ ತಪ್ಪದೆ ಪ್ರಾರ್ಥನೆಗೆ ಹೋದ. ಜಾಗ ಕೈಗೆ ಬಂತು, ಭಕ್ತಿ ಮುಗಿಯಿತು. ಮನೆ ಕಟ್ಟಿಸಿ ‘ಸುಖದ ಮನೆ’ ಅಂತ ಹೆಸರಿಟ್ಟ. ಅಂಗಳದಲ್ಲಿ ಬಿಷಪ್ಪರನ್ನೇ ಲಂಪಟನಂತೆ ಕೆತ್ತಿ ನಿಲ್ಲಿಸಿದ. ಅವನು ಸತ್ತ ಮೇಲೆ ಬಿಷಪ್ಪರು ಮೇಲಿನವರಿಗೆ ಬರೆದ ಪತ್ರದ ಸಾರ ಇಷ್ಟು: ಇಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಗೊಗ್ಯಾನ್ ಎಂಬ ಒಬ್ಬ ನೀಚ ಸತ್ತದ್ದನ್ನು ಬಿಟ್ಟರೆ. ಪ್ರವಾಸೋದ್ಯಮದವರು ಇವತ್ತಿಗೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಾರೆ. ಬೈಗುಳ ಮಾತ್ರ ತೆಗೆದಿದ್ದಾರೆ.

ಸಾಲ ತೀರಿಸಲು ಅವನ ಸಾಮಾನನ್ನೆಲ್ಲ ಹರಾಜು ಹಾಕಿದರು. ತಹೀತಿಯ ಪಪೀಟೆಯಲ್ಲಿ ಹರಾಜುಗಾರ ಒಂದು ಚಿತ್ರವನ್ನು ತಲೆಕೆಳಗಾಗಿ ಹಿಡಿದು ‘ನಯಾಗರಾ ಜಲಪಾತ’ ಎಂದು ಕೂಗಿದ. ಅಸಲಿಗೆ ಅದು ಹಿಮ ಬಿದ್ದ ಫ್ರಾನ್ಸಿನ ಹಳ್ಳಿ. ವಿಕ್ತೋರ್ ಸೆಗಾಲೆನ್ ಎಂಬ ನೌಕಾಪಡೆಯ ಡಾಕ್ಟರು 7 ಫ್ರಾಂಕ್ ಕೊಟ್ಟು ಅದನ್ನು ಒಯ್ದರು. ‘ಸುಖದ ಮನೆ’ಯ ಕೆತ್ತನೆಯ ಹಲಗೆಗಳು ಈಗ ಪ್ಯಾರಿಸ್ಸಿನ ಮ್ಯೂಸಿಯಮ್ಮಿನಲ್ಲಿವೆ. ಅವನು ತಹೀತಿಯಲ್ಲಿ ಬರೆದ ಒಂದು ಚಿತ್ರ ಸುಮಾರು 21 ಕೋಟಿ ಡಾಲರಿಗೆ ಕೈ ಬದಲಾಯಿಸಿದೆ. ಅತುವೊನಾಕ್ಕೆ ಸಿಕ್ಕಿದ್ದು? 2003ರಲ್ಲಿ, ಸತ್ತು ನೂರು ವರ್ಷವಾದ ನೆನಪಿಗೆ, ಹೊಸದಾಗಿ ಕಟ್ಟಿದ ‘ಸುಖದ ಮನೆ’, ಪಕ್ಕದಲ್ಲಿ ನಕಲು ಚಿತ್ರಗಳ ಪ್ರದರ್ಶನ. ಸಮಾಧಿಯ ಮೇಲಿನ ಶಿಲ್ಪವೂ ಪಡಿಯಚ್ಚು. ಅಷ್ಟು ದೂರ ಸಮುದ್ರ ದಾಟಿ ಬಂದವರು ಟಿಕೆಟ್ ತಗೊಂಡು, ಮನೆಯಲ್ಲೇ ಮೊಬೈಲಿನಲ್ಲಿ ನೋಡಬಹುದಾದ್ದನ್ನು ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಜನರಿಗೆ ತೆರಿಗೆ ಕಟ್ಟಬೇಡಿ ಎಂದು ಹೇಳಿಕೊಡುತ್ತಿದ್ದವನ ಮನೆಗೆ ಟಿಕೆಟ್ಟು!

ಹೋಗಲಿ, ಅವನು ಚಿತ್ರಿಸಿದ ‘ಆದಿಮ ಸ್ವರ್ಗ’ವಾದರೂ ಅಲ್ಲಿನದಾ? 1891ರಲ್ಲಿ ಅವನು ತಹೀತಿಗೆ ಬಂದಾಗ ಅಲ್ಲಿನ ಹೆಂಗಸರು ಪಾದ್ರಿಗಳು ಕಲಿಸಿದ ಉದ್ದ ನಿಲುವಂಗಿ ಹಾಕಿಕೊಂಡು ಚರ್ಚಿಗೆ ಹೋಗುತ್ತಿದ್ದರು. ಹಳೆಯ ದೇವರ ಕಥೆಗಳನ್ನು ಅವನು ಎತ್ತಿಕೊಂಡದ್ದು ಯುರೋಪಿನವನೊಬ್ಬ ಬರೆದ ಪುಸ್ತಕದಿಂದ. ಕೈಮುಗಿದು ನಿಂತ ತಹೀತಿ ಹೆಂಗಸರ ಭಂಗಿ ಜಾವಾದ ಬೊರೊಬುದೂರ್ ಬೌದ್ಧ ಸ್ತೂಪದ ಶಿಲ್ಪಗಳ ಫೋಟೊದಿಂದ. ಈ ಕಲಬೆರಕೆಯನ್ನೇ ಈಗ ದ್ವೀಪದ ‘ಅಸಲಿ ಸಂಸ್ಕೃತಿ’ ಅಂತ ತೋರಿಸುತ್ತಾರೆ. ಪಾಪ, ದ್ವೀಪದವರೂ ಅದಕ್ಕೆ ಹೊಂದಿಕೊಳ್ಳಬೇಕು. ಹೊಟ್ಟೆಪಾಡು ಅಲ್ವಾ.

ಇನ್ನೊಂದು ವಿಷಯವಿದೆ. ಅದು ಬಂದಾಗ ಗೈಡುಗಳಿಗೆ ಇದ್ದಕ್ಕಿದ್ದಂತೆ ಸಮುದ್ರದ ಚೆಂದ ನೆನಪಾಗುತ್ತದೆ. ಮಕ್ಕಳನ್ನು ಮಿಷನ್ ಶಾಲೆಗೆ ಕಳಿಸಬೇಡಿ ಎಂದು ಊರವರ ತಲೆ ತಿನ್ನುತ್ತಿದ್ದವನು, ಅದೇ ಶಾಲೆಯ 14 ವರ್ಷದ ಹುಡುಗಿಯನ್ನು ಹೆಂಡತಿ ಅಂತ ಮನೆಗೆ ಕರೆತಂದಿದ್ದ. ಅವನಿಗಾಗ 53. ತಹೀತಿಯಲ್ಲೂ ಇದೇ ಕಥೆ.

1998ರಿಂದ ಈ ದ್ವೀಪಗಳ ನಡುವೆ ‘ಪಾಲ್ ಗೊಗ್ಯಾನ್’ ಎಂಬ ಐಷಾರಾಮಿ ಹಡಗು ಓಡಾಡುತ್ತಿದೆ. ಅದರಲ್ಲಿ ಅತಿಥಿಗಳನ್ನು ಉಪಚರಿಸಲು, ಅವರೆದುರು ಹಾಡಿ ಕುಣಿಯಲು ಸ್ಥಳೀಯ ಯುವತಿಯರ ತಂಡವಿದೆ. ಆ ತಂಡಕ್ಕೆ ಇಟ್ಟ ಹೆಸರು ‘ಲೇ ಗೊಗೀನ್’. ಅಂದರೆ ಗೊಗ್ಯಾನನ ಹುಡುಗಿಯರು.

ಈ ಹೆಸರು ಆರಿಸಿದ ಮೀಟಿಂಗಿನಲ್ಲಿ ಅವನ ಜೀವನಚರಿತ್ರೆ ಓದಿದವರು ಒಬ್ಬರೂ ಇರಲಿಲ್ಲವೇನೋ. ಅಥವಾ ಎಲ್ಲರೂ ಓದಿದ್ದರೇನೋ.