ಅಂಗೀಕಾರವೇ ಜಾರಿಯಲ್ಲ: ಒಂದು ಸ್ಪಷ್ಟನೆ

‘ಶಾಸನಸಭೆ ಅಂಗೀಕರಿಸಿದ ದಿನವೇ ಪ್ರತಿ ಕಾಯ್ದೆಯೂ ಜಾರಿಗೆ ಬರುತ್ತದೆ, ಆಮೇಲೂ ಕೆಲಸವಾಗದಿದ್ದರೆ ಅದು ಅಧಿಕಾರಿಗಳ ಮೈಗಳ್ಳತನ’ ಎಂಬ ಸಂದೇಶ ಹರಿದಾಡುತ್ತಿದೆ. ಮೊದಲರ್ಧ ತಪ್ಪು, ಉಳಿದದ್ದು ಅರೆಸತ್ಯ.

ಎಷ್ಟೋ ಕಾಯ್ದೆಗಳಲ್ಲಿ ‘ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಂದು ಜಾರಿಗೆ ಬರತಕ್ಕದ್ದು’ ಎಂಬ ಪ್ರಕರಣ (ಸೆಕ್ಷನ್) ಇರುತ್ತದೆ. ಅಧಿಸೂಚನೆ ಹೊರಬೀಳುವವರೆಗೆ ಕಾಯ್ದೆ ಕಾಗದದಲ್ಲೇ. ಈಸ್ಟರ್ ಹಬ್ಬದ ದಿನವನ್ನು ಗೊತ್ತುಪಡಿಸಲು ಬ್ರಿಟನ್ ಮಾಡಿದ 1928ರ ಈಸ್ಟರ್ ಕಾಯ್ದೆಯನ್ನೇ ನೋಡಿ: ಸಂಸತ್ತು ಒಪ್ಪಿತು, ರಾಜರ ಅಂಕಿತವೂ ಬಿತ್ತು, ಜಾರಿಯ ಆದೇಶ ಮಾತ್ರ ಹೊರಡಲೇ ಇಲ್ಲ.

ಇನ್ನು ಮೈಗಳ್ಳತನ. ಅದು ಇಲ್ಲವೆಂದಲ್ಲ. ಆದರೆ ‘ನಿಯಮಿಸಲಾದ ನಮೂನೆಯಲ್ಲಿ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸತಕ್ಕದ್ದು’ ಎಂದು ಬರೆದಿಟ್ಟು, ನಿಯಮಗಳನ್ನೂ ಹೊರಡಿಸದೆ, ಪ್ರಾಧಿಕಾರ ಯಾರೆಂದೂ ಹೇಳದಿದ್ದರೆ ಕೌಂಟರಿನಲ್ಲಿ ಕುಳಿತ ಗುಮಾಸ್ತ ಯಾವ ಅರ್ಜಿಯನ್ನು ಸ್ವೀಕರಿಸಬೇಕು? ತಪಾಸಣೆಯ ಹೊಣೆ ಹೊರಿಸಿ, ಆವರಣ ಪ್ರವೇಶಿಸುವ ಅಧಿಕಾರವನ್ನೇ ಕೊಡದ ಕರಡುಗಳೂ ಉಂಟು. ದಂಡ ವಸೂಲು ಮಾಡುವವರು ಯಾರೆಂದು ಬರೆಯಲು ಮರೆತವೂ ಉಂಟು. ಇಂಥ ಲೋಪಕ್ಕೆ ಉತ್ತರ ಹೇಳಬೇಕಾದವರು ಕರಡು ಬರೆದವರು, ಮತ್ತು ಜಾರಿ ಮಾಡಬೇಕಾದ ಇಲಾಖೆಯನ್ನು ಒಂದು ಮಾತೂ ಕೇಳದೆ ಮಸೂದೆ ಮಂಡಿಸಿದವರು. (ಕೆಳಗಿನ ನೌಕರನನ್ನು ಬೈಯುವುದು ಸುಲಭ, ಬಿಡಿ.)

ಕಾಯ್ದೆಯೊಂದು ಜಾರಿಯಲ್ಲಿದೆಯೇ ಎಂದು ತಿಳಿಯಲು ಅದರ ಪ್ರಾರಂಭ ದಿನಾಂಕದ ಪ್ರಕರಣವನ್ನೂ ರಾಜಪತ್ರದ (ಸರ್ಕಾರಿ ಗೆಜೆಟ್‌ನ) ಅಧಿಸೂಚನೆಯನ್ನೂ ಒಟ್ಟಿಗೆ ನೋಡಬೇಕು.