ಮಾರಾಟಕ್ಕಿದೆ: ಯಾರೂ ವಾಸಿಸದಂತಿರುವ ಮನೆ

ಮನೆ ಮಾರಬೇಕು ಅಂತ ತೀರ್ಮಾನ ಮಾಡಿದ ಮೇಲೆ ನಮಗೆ ಗೊತ್ತಾದ ಮೊದಲ ಸಂಗತಿ: ಆ ಮನೆಯಲ್ಲಿದ್ದ ದೊಡ್ಡ ದೋಷ ನಾವೇ.

ಏಜೆಂಟ್ ಇದನ್ನು ನೇರವಾಗಿ ಹೇಳಲಿಲ್ಲ. ಮರ್ಯಾದಸ್ಥ ಮನುಷ್ಯ. ಹಾಲಿನ ನಡುವೆ ನಿಂತು ಒಂದು ಸುತ್ತು ಕಣ್ಣಾಡಿಸಿದ. "ಸಾರ್, ಮನೆ ಚೆನ್ನಾಗಿದೆ. ಆದ್ರೆ ಇಲ್ಲಿ ಯಾರೋ ವಾಸ ಮಾಡ್ತಿರೋ ಹಾಗೆ ಕಾಣುತ್ತೆ," ಎಂದ.

"ನಾವೇ ಕಣ್ರೀ ವಾಸ ಮಾಡ್ತಿರೋದು," ಎಂದೆ.

"ಅದೇ ಸಾರ್ ಪ್ರಾಬ್ಲಂ."

ಪರಿಹಾರ ಅವನ ಬಳಿಯೇ ಇತ್ತು. ಅದರ ಹೆಸರು ಸ್ಟೇಜಿಂಗ್, ಅಂದರೆ ಮಾರುವ ಮನೆಯನ್ನು ಕೊಳ್ಳುವವರ ಕಣ್ಣಿಗೆ ಒಪ್ಪುವಂತೆ ಸಿಂಗರಿಸುವುದು. ಹೆಸರಿನಲ್ಲೇ ಸತ್ಯ ಇದೆ. ರಂಗಸಜ್ಜಿಕೆ ಅಂತ ಬಾಯಿಬಿಟ್ಟು ಹೇಳಿಯೇ ನಿಮ್ಮ ಮುಂದೆ ನಾಟಕ ಆಡುವ ವ್ಯಾಪಾರ ಬೇರೊಂದು ಇರಲಾರದು. 1972ರಲ್ಲಿ ಅಮೆರಿಕದ ಸಿಯಾಟಲ್ ಕಡೆಯ ಒಳಾಂಗಣ ವಿನ್ಯಾಸಕಿ ಬಾರ್ಬ್ ಶ್ವಾರ್ಜ್ ಇದನ್ನು ಶುರು ಮಾಡಿದರು ಅಂತ ಹೇಳುತ್ತಾರೆ. ಅದಕ್ಕೂ ಮುಂಚೆ ಜನ ಮನೆ ಮಾರುವಾಗ ಕಸ ಗುಡಿಸಿ ಬಾಗಿಲು ತೆರೆದು ನಿಲ್ಲುತ್ತಿದ್ದರು. ಪಾಪ, ಅಷ್ಟೇ ಗೊತ್ತಿತ್ತು.

ಮರುದಿನವೇ ಸ್ಟೇಜಿಂಗ್ ಮೇಡಂ ಬಂದರು. ಕೈಯಲ್ಲಿ ಒಂದು ಪಟ್ಟಿ, ಮುಖದಲ್ಲಿ ಡಾಕ್ಟರು ಎಕ್ಸ್‌ರೇ ನೋಡುವಾಗಿನ ಗಾಂಭೀರ್ಯ. ಗೋಡೆಯ ಮೇಲಿದ್ದ ಫೋಟೋಗಳನ್ನೆಲ್ಲ ಇಳಿಸಿ ಅಂದರು. ಮನೆ ನೋಡಲು ಬಂದವರು ತಮ್ಮ ಸಂಸಾರವನ್ನು ಇಲ್ಲಿ ಕಲ್ಪಿಸಿಕೊಳ್ಳಬೇಕಂತೆ. ಗೋಡೆ ತುಂಬ ನಮ್ಮ ಮುಖಗಳೇ ಇದ್ದರೆ ಕಲ್ಪನೆಗೆ ಜಾಗ ಎಲ್ಲಿ? ನಮ್ಮ ಮದುವೆ ಫೋಟೋ ಪೆಟ್ಟಿಗೆಗೆ ಹೋಯಿತು. ಮಗಳ ಹಲ್ಲುದುರಿದ ನಗು ಪೆಟ್ಟಿಗೆಗೆ ಹೋಯಿತು. ಅಮ್ಮನ ಫೋಟೋ ಇಳಿಸುವಾಗ ಅಮ್ಮ ಅಲ್ಲೇ ಕೂತಿದ್ದರು.

"ನಾನಿನ್ನೂ ಬದುಕಿದ್ದೀನಿ ಕಣೋ," ಎಂದರು.

ಮೇಡಂ ಅಮ್ಮನ ಕಡೆ ತಿರುಗಿ ನೋಡಿದರು. ಅಮ್ಮನನ್ನೂ ಪಟ್ಟಿಗೆ ಸೇರಿಸುತ್ತಾರೇನೋ ಅಂತ ನನಗೆ ಒಂದು ಕ್ಷಣ ಭಯವಾಯಿತು. ಫೋಟೋ ಇದ್ದ ಜಾಗದಲ್ಲಿ ಒಂದು ಚಿತ್ರ ಬಂತು. ಮೂರು ಅಡ್ಡ ಗೆರೆ, ಮೂರೂ ಬೂದು. ಏನಿದು ಅಂತ ಕೇಳಿದೆ. "ಪ್ರಶಾಂತತೆ," ಎಂದರು.

ಬಣ್ಣದ ವಿಷಯ ಜಾಸ್ತಿ ಹೇಳುವುದಿಲ್ಲ. ಇಡೀ ಮನೆಗೆ ಒದ್ದೆ ಮರಳಿನ ಬಣ್ಣ ಬಳಿದರು. ಯಾರಿಗೂ ಇಷ್ಟವಿಲ್ಲದ, ಆದರೆ ಯಾರೂ ಬೇಡ ಅನ್ನದ ಬಣ್ಣ. ಚುನಾವಣೆಗೆ ನಿಂತರೆ ಗೆಲ್ಲುವಂಥದ್ದು.

ಹಾಲಿನ ಮೂಲೆಯಲ್ಲಿ ನಮ್ಮದೊಂದು ಹಳೆಯ ಗುಟ್ಟಿತ್ತು. ಹೊರಗಿನ ಪೈಪಿನಿಂದ ಗೋಡೆಗೆ ನೀರು ಇಳಿದು, ಮಳೆ ಬಂದಾಗೆಲ್ಲ ಬಣ್ಣ ಉಬ್ಬಿ ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು. ತೇವ ಗೋಡೆಯೊಳಗಿನ ಉಪ್ಪನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ನೀರಿನ ದಾರಿ ಮುಚ್ಚದೆ ಎಷ್ಟು ಕೋಟ್ ಬಳಿದರೂ ಅದು ಮತ್ತೆ ಬರುವುದೇ. ಪೈಪ್ ರಿಪೇರಿ ಮಾಡಿಸೋಣ ಅಂದೆ. ಅದಕ್ಕೆ ಒಂದು ವಾರ ಬೇಕು, ಫೋಟೋ ತೆಗೆಯುವವರು ನಾಳೆಯೇ ಬರುತ್ತಾರೆ ಅಂದರು ಮೇಡಂ. ಹೊಸ ಬಣ್ಣದ ಮೇಲೆ ಆಳೆತ್ತರದ ಪ್ಲಾಸ್ಟಿಕ್ ಗಿಡವೊಂದನ್ನು ತಂದು ಅಲ್ಲಿ ನಿಲ್ಲಿಸಿದರು.

ಅಮ್ಮ ತುಂಬ ಹೊತ್ತು ಅದನ್ನೇ ನೋಡಿದರು. "ನಿಜವಾದ ಗಿಡ ಇಟ್ಟಿದ್ರೆ ನೀರು ಹಾಕೋ ಕೆಲಸವಾದ್ರೂ ಉಳೀತಿತ್ತಲ್ಲಮ್ಮ," ಎಂದರು.

ಗೊತ್ತಿರುವ ದೋಷವನ್ನು ಕೊಳ್ಳುವವರಿಂದ ಮುಚ್ಚಿಡಬಾರದು ಅಂತ ಎಷ್ಟೋ ದೇಶಗಳಲ್ಲಿ ಕಾನೂನಿದೆ. ಗಿಡ ಇಡಬಾರದು ಅಂತ ಎಲ್ಲಿದೆ ಹೇಳಿ? 1787ರಲ್ಲಿ ರಷ್ಯಾದ ರಾಣಿ ಕ್ಯಾಥರೀನ್ ಕ್ರೈಮಿಯಾ ಕಡೆ ಪ್ರವಾಸ ಹೊರಟಾಗ, ಆಕೆಯ ಮಂತ್ರಿ ಪೊಟೆಮ್ಕಿನ್ ನದಿ ದಡದಲ್ಲಿ ಬರೀ ಮುಂಭಾಗ ಇರುವ ಸುಳ್ಳು ಹಳ್ಳಿಗಳನ್ನು ನಿಲ್ಲಿಸಿದ್ದ ಅಂತ ಕತೆ ಇದೆ. ಅದರಲ್ಲಿ ಬಹುಪಾಲು ಉತ್ಪ್ರೇಕ್ಷೆ ಅನ್ನುತ್ತಾರೆ ಇತಿಹಾಸಕಾರರು. ಇರಬಹುದು. ಹಾಗೆ ಮಾಡಿದ್ದರೂ ಅವನು ಮುಂಭಾಗಕ್ಕೇ ನಿಲ್ಲಿಸಿದ. ನಮ್ಮ ಮೇಡಂ ಬಾತ್‌ರೂಮಿನವರೆಗೂ ಹೋದರು. ಅಲ್ಲಿ ನಾಲ್ಕು ಬಿಳಿ ಟವೆಲ್ ಸುರುಳಿ ಸುತ್ತಿಟ್ಟು, ಯಾರೂ ಮುಟ್ಟಬಾರದು ಅಂದರು. ನಾವು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದನ್ನು ಕಲಿತೆವು.

ಆಮೇಲೆ ಬಾಡಿಗೆ ಸಾಮಾನು ಬಂತು. ನಮ್ಮ ಸಾಮಾನು ಗೋದಾಮಿಗೆ ಹೋಯಿತು. ನಮ್ಮ ಮಂಚ ದೊಡ್ಡದಾಯಿತು, ಅದರಿಂದ ರೂಮು ಚಿಕ್ಕದಾಗಿ ಕಾಣುತ್ತದೆ ಅಂತ ಗಿಡ್ಡ ಮಂಚ ಹಾಕಿದರು. ರೂಮು ದೊಡ್ಡದಾಯಿತು, ನನ್ನ ಕಾಲು ಹೊರಗಾಯಿತು. ಅಮ್ಮನ ರೂಮಿನಲ್ಲಿ ಅದೂ ಇಲ್ಲ. ರಟ್ಟಿನ ಪೆಟ್ಟಿಗೆಗಳ ಮೇಲೆ ಗಾಳಿ ತುಂಬಿದ ಹಾಸಿಗೆ, ಅದರ ಮೇಲೆ ಹನ್ನೊಂದು ದಿಂಬು. ಹನ್ನೊಂದು! ಅಮ್ಮ ನೆಲಕ್ಕೆ ಚಾಪೆ ಹಾಸಿಕೊಂಡು ಮಲಗಿದರು.

ಇನ್ನು ಆ ಸೋಫಾ. ಹಾಲಿನಂಥ ಬಿಳುಪು. ಅದರ ಮೇಲೆ ಯಾರೂ ಕೂರುವಂತಿಲ್ಲ. ಸೋಫಾ ಕೂರೋಕಲ್ಲ ಸಾರ್, ಕೂರೋ ಫೀಲ್ ಕೊಡೋಕೆ ಅಂತ ಏಜೆಂಟ್ ತಿಳಿಹೇಳಿದ. ಹದಿನೈದು ದಿನ ನಾವು ಅದರ ಸುತ್ತ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿದ ಹಾಗೆ ಓಡಾಡಿದೆವು. ಹದಿನಾರನೇ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಒಂದು ಲೋಟ ಕಾಫಿ ಮಾಡಿಕೊಂಡೆ. ಕತ್ತಲಲ್ಲಿ, ಕಳ್ಳನ ಹಾಗೆ, ಮೆಲ್ಲಗೆ ಸೋಫಾದ ಎಡ ತುದಿಯಲ್ಲಿ ಕೂತೆ. ಅದು ಅಷ್ಟೊಂದು ಒಳಗೆ ಹೋಗುತ್ತದೆ ಅಂತ ಯಾರಿಗೆ ಗೊತ್ತಿತ್ತು? ಕಾಫಿ ಚೆಲ್ಲಿತು. ಉಜ್ಜಿದೆ. ಕಲೆ ದೊಡ್ಡದಾಯಿತು. ಒಂದು ಬದಿಗೆ ಬಾಲ ಮೂಡಿ, ಬಾತುಕೋಳಿಯ ಆಕಾರ ಬಂತು. ಕೊನೆಗೆ ಸೀಟಿನ ದಿಂಬನ್ನೇ ಮಗುಚಿ ಹಾಕಿ ಮಲಗಿದೆ. ಹೆಂಡತಿಗೂ ಹೇಳಲಿಲ್ಲ.

ಫೋಟೋ ತೆಗೆಯುವ ಹುಡುಗ ಬಂದಿದ್ದು ಇನ್ನೊಂದು ತಮಾಷೆ. ಅವನು ಯಾವ ರೂಮಿಗೆ ಹೋದರೂ ಮೂಲೆಗೆ ಅಂಟಿಕೊಂಡು ನಿಲ್ಲುತ್ತಿದ್ದ. ಬಾತ್‌ರೂಮಿನಲ್ಲಂತೂ ಶವರಿನ ಕೆಳಗೆ ನಿಂತು ತೆಗೆದ. ವೈಡ್ ಆಂಗಲ್ ಲೆನ್ಸ್. ನಮ್ಮ ಕಣ್ಣಿಗೆ ಸಹಜ ಅನ್ನಿಸುವ ನೋಟಕ್ಕೆ ಸುಮಾರು 50 ಮಿಲಿಮೀಟರ್ ಲೆನ್ಸ್ ಸಾಕು. ಮನೆ ಫೋಟೋಗಳಿಗೆ 16ರಿಂದ 24 ಮಿಲಿಮೀಟರ್ ಹಾಕುತ್ತಾರೆ. ಹತ್ತಿರದ್ದು ಹಿಗ್ಗುತ್ತದೆ, ಎದುರಿನ ಗೋಡೆ ದೂರ ಓಡುತ್ತದೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಫೋಟೋದಲ್ಲಿ ಅಲ್ಲಿ ಕ್ರಿಕೆಟ್ ಆಡಬಹುದು. ಒಂದೇ ತೊಂದರೆ, ಅಂಚಿನಲ್ಲಿರುವ ವಸ್ತುಗಳು ಜಗ್ಗಿಕೊಳ್ಳುತ್ತವೆ. ಗುಂಡಗಿನ ದೀಪ ಮೊಟ್ಟೆಯಾಗಿತ್ತು. ಇನ್ನು ಮುಂದೆ ನೀವು ಮನೆ ಜಾಹೀರಾತು ನೋಡುವಾಗ ದೀಪ ಮೊಟ್ಟೆಯಾಗಿದೆಯೇ ಅಂತ ಮೊದಲು ನೋಡಿ. ಮೊಟ್ಟೆ ಉದ್ದವಾದಷ್ಟೂ ರೂಮು ಗಿಡ್ಡ.

ಅದೂ ಸಾಲದಿದ್ದರೆ ಕಂಪ್ಯೂಟರ್ ಇದೆ. ಖಾಲಿ ರೂಮಿಗೆ ಸೋಫಾ, ಕಾರ್ಪೆಟ್ಟು, ಕಿಟಕಿಯಾಚೆ ಹುಲ್ಲು, ಎಲ್ಲವನ್ನೂ ಅದೇ ಹಾಕಿಕೊಡುತ್ತದೆ. ಅದಕ್ಕೆ ವರ್ಚುವಲ್ ಸ್ಟೇಜಿಂಗ್ ಅನ್ನುತ್ತಾರೆ. ಇಲ್ಲದ ಸೋಫಾದಲ್ಲಿ ಕಾಫಿ ಚೆಲ್ಲುವ ಭಯವಿಲ್ಲ ಅಂತ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಈಗ ವಾಸನೆಗೆ ಬರೋಣ. ಮನೆಯಲ್ಲಿ ಅಡುಗೆ ಮಾಡಬಾರದು. ಆದರೆ ಒಲೆಯಿಂದ ಈಗಷ್ಟೇ ಏನೋ ಇಳಿಸಿದ ಪರಿಮಳ ಬರಬೇಕು. ಇದು ಸ್ಟೇಜಿಂಗ್ ಶಾಸ್ತ್ರದ ಹಳೆಯ ಸೂತ್ರ. ಮನೆ ತೋರಿಸುವ ಅರ್ಧ ಗಂಟೆ ಮುಂಚೆ ಬ್ರೆಡ್ಡು, ಬಿಸ್ಕತ್ತು ಬೇಯಿಸಿ ಅಥವಾ ವೆನಿಲಾ ಕಾಯಿಸಿ ಅಂತ ಪೀಳಿಗೆಗಳಿಂದ ಸಲಹೆ ಕೊಡುತ್ತಾ ಬಂದಿದ್ದಾರೆ. ನಮ್ಮ ಮೇಡಂ ಮಾತ್ರ ಓದಿಕೊಂಡವರು. ಬಿಸ್ಕತ್ತು ಹಳೆಯದಾಯಿತು ಅಂದರು. ಸ್ವಿಟ್ಜರ್ಲೆಂಡಿನ ಒಂದು ಗೃಹಾಲಂಕಾರದ ಅಂಗಡಿಯಲ್ಲಿ ಪರೀಕ್ಷೆ ಮಾಡಿದ್ದರಂತೆ. 2013ರಲ್ಲಿ ಅದು ಪ್ರಕಟವೂ ಆಯಿತು. ಬೆರಕೆ ಪರಿಮಳ ಇದ್ದಾಗಿನದಕ್ಕಿಂತ ಬರೀ ಕಿತ್ತಳೆಯ ವಾಸನೆ ಇದ್ದಾಗ ಗಿರಾಕಿಗಳು ಹೆಚ್ಚು ಖರ್ಚು ಮಾಡಿದರು. ಬೆರಕೆ ವಾಸನೆ ಬಂದರೆ ಮೆದುಳು ಇದೇನು ಅದೇನು ಅಂತ ಬಿಡಿಸುತ್ತಾ ಕೂರುತ್ತದೆ. ಒಂಟಿ ವಾಸನೆಗೆ ಆ ಶ್ರಮವಿಲ್ಲ. ಒಟ್ಟಿನಲ್ಲಿ ಕೊಳ್ಳುವವರ ಮೆದುಳಿಗೆ ಕೆಲಸ ಕೊಡಬಾರದು. ಇಡೀ ವ್ಯವಹಾರದ ತಿರುಳೇ ಇದು ಅಂತ ಕಾಣುತ್ತದೆ.

ಹಾಗಾಗಿ ನಮ್ಮ ಮನೆ ಕಿತ್ತಳೆ ವಾಸನೆ ಹೊಡೆಯತೊಡಗಿತು. ಊಟದ ಮೇಜಿನ ಮೇಲೆ ಗಾಜಿನ ಬಟ್ಟಲು ತುಂಬ ನಿಂಬೆಹಣ್ಣು. ಮಗಳು ಒಂದನ್ನು ತೆಗೆದುಕೊಂಡು ಪಾನಕ ಮಾಡಿ ಕುಡಿದಳು ಅಂತ ಮನೆಯಲ್ಲಿ ವಿಚಾರಣೆ ನಡೆಯಿತು.

"ಪಾರ್ಟಿ ಬರ್ತಿದ್ದಾರೆ, ಇಪ್ಪತ್ತು ನಿಮಿಷ," ಅಂತ ಫೋನ್ ಬಂದ ಕೂಡಲೇ ನಮ್ಮ ಪಲಾಯನ ಶುರು. ಒಗೆಯುವ ಬಟ್ಟೆಯ ಬುಟ್ಟಿ, ತೊಳೆಯದ ಪಾತ್ರೆಯ ಟಬ್ಬು, ಟೂತ್‌ಬ್ರಷ್ಷು, ಅಮ್ಮನ ಮಾತ್ರೆ ಡಬ್ಬಿ, ಅಮ್ಮ, ಎಲ್ಲವನ್ನೂ ಕಾರಿಗೆ ತುಂಬಬೇಕು. ಹಗಲಲ್ಲೂ ಎಲ್ಲ ದೀಪ ಹಾಕಬೇಕು. ಕಮೋಡಿನ ಮುಚ್ಚಳ ಹಾಕಬೇಕು. ಬೀದಿಯ ತಿರುವಿನಲ್ಲಿ ಕಾರು ನಿಲ್ಲಿಸಿ, ನಮ್ಮ ಮನೆಗೆ ಬೇರೆಯವರು ಹೋಗಿ ಬರುವುದನ್ನು ನೋಡುತ್ತಾ ಕೂರಬೇಕು. ಸರಿಯಾಗಿ ಆಗಲೇ ಮಗಳಿಗೆ ಬಾತ್‌ರೂಮಿಗೆ ಹೋಗಬೇಕಾಗುತ್ತಿತ್ತು. ಪ್ರತಿ ಸಲವೂ.

ಒಂದು ಸಂಜೆ ನಾಯಿ ಹಿಡಿದುಕೊಂಡು ವಾಕಿಂಗ್ ಬಂದ ಹಿರಿಯರೊಬ್ಬರು ಕಾರಿನ ಗಾಜು ತಟ್ಟಿದರು. ಮೂರು ದಿನದಿಂದ ನಮ್ಮನ್ನು ಗಮನಿಸುತ್ತಿದ್ದರಂತೆ.

"ಯಾರನ್ನ ಕಾಯ್ತಿದ್ದೀರಿ?"

"ಯಾರನ್ನೂ ಇಲ್ಲ. ನಮ್ಮನೆಗೆ ಹೋಗ್ಬೇಕು."

"ಬೀಗದಕೈ ಕಳೀತಾ?"

"ಇಲ್ಲ. ಮನೆ ನೋಡೋಕೆ ಬಂದಿದ್ದಾರೆ."

ಅವರು ಹಿಂದಿನ ಸೀಟಿನತ್ತ ಬಗ್ಗಿ ನೋಡಿದರು. ಮುಖ ಸಡಿಲವಾಯಿತು. "ಓ, ಬಟ್ಟೆ ಬುಟ್ಟಿ ನೋಡಿದಾಗಲೇ ಗೊತ್ತಾಗ್ಬೇಕಿತ್ತು. ನಾವೂ ಹಿಂಗೇ ಆರು ವಾರ ಕಾರಲ್ಲೇ ಸಂಸಾರ ಮಾಡಿದ್ವಿ," ಎಂದು ನಾಯಿ ಎಳೆದುಕೊಂಡು ಹೋದರು.

ಬಂದ ಪಾರ್ಟಿಗಳ ಬಗ್ಗೆ ಹೇಳಬೇಕು ಅಂದರೆ ಒಬ್ಬರದು ಸಾಕು. ನಡುವಯಸ್ಸಿನ ಮನುಷ್ಯ, ಹರಿದ ಚಪ್ಪಲಿ. ದಿಂಬು ನೋಡಲಿಲ್ಲ, ನಿಂಬೆಹಣ್ಣು ನೋಡಲಿಲ್ಲ. ಮನೆಯ ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿ, ಆಮೇಲೆ ಫ್ಲಶ್ ಎಳೆದು, ನೀರಿನ ಒತ್ತಡ ಕಡಿಮೆಯಾಗುತ್ತದಾ ಅಂತ ನೋಡಿದರಂತೆ. ಗೋಡೆಗಳನ್ನು ಬೆರಳ ಗೆಣ್ಣಿನಿಂದ ಕುಟ್ಟಿದರಂತೆ. ನೆಲದ ಮೇಲೆ ಗೋಲಿ ಬಿಟ್ಟು ಅದು ಎತ್ತ ಉರುಳುತ್ತದೆ ಅಂತ ಪರೀಕ್ಷಿಸಿದರಂತೆ. "ಜೋರು ಮಳೆ ಬಂದ ದಿನ ಮತ್ತೆ ಬರ್ತೀನಿ. ಗಿಡ ಚೆನ್ನಾಗಿದೆ," ಅಂತ ಹೇಳಿ ಹೋದರಂತೆ.

"ಅವ್ರು ಸೀರಿಯಸ್ ಪಾರ್ಟಿ ಅಲ್ಲ ಬಿಡಿ ಸಾರ್," ಎಂದ ಏಜೆಂಟ್.

ಸೀರಿಯಸ್ ಪಾರ್ಟಿ ಮುಂದಿನ ವಾರ ಬಂತು. ಹೊಸದಾಗಿ ಮದುವೆಯಾದ ಜೋಡಿ. ಬಾಗಿಲಲ್ಲೇ ಉಸಿರೆಳೆದುಕೊಂಡು, ಏನೋ ಒಂಥರಾ ಪ್ರಶಾಂತವಾಗಿದೆ ಅಲ್ವಾ ಅಂದರಂತೆ. ಮೂರು ಬೂದು ಗೆರೆ ಗೆದ್ದವು. ಕಾಗದಪತ್ರದಲ್ಲಿ ಮನೆಯ ದೋಷಗಳನ್ನು ಬರೆಯಲು ಒಂದು ಜಾಗವಿತ್ತು. ಅಮ್ಮ ಪಕ್ಕದಲ್ಲಿ ಕೂತು ಬರೆಸಿದರು. ಗಿಡದ ಹಿಂದೆ ತೇವ, ಹೊರಗಿನ ಪೈಪು ಸೋರುತ್ತದೆ, ಅಡುಗೆಮನೆ ಕಿಟಕಿ ಹಾಕಿಕೊಳ್ಳುವುದಿಲ್ಲ, ಒಟ್ಟು ಒಂಬತ್ತು. ಪೂರ್ತಿ ಬರೆದಿದ್ದೇವೆ, ಓದಿ ಅಂತ ಮುಂದೆ ಇಟ್ಟೆ. ಹುಡುಗಿ ಸಹಿ ಹಾಕುತ್ತಾ ಕೇಳಿದಳು, "ಆ ಬಿಳಿ ಸೋಫಾನೂ ಮನೆ ಜೊತೆ ಬರುತ್ತಾ?"

ಬರಲಿಲ್ಲ. ಮರುದಿನವೇ ಗಾಡಿ ಬಂದು ಸೋಫಾ, ಗಿಡ, ಪ್ರಶಾಂತತೆ ಎಲ್ಲವನ್ನೂ ಹೇರಿಕೊಂಡು ಹೋಯಿತು.

ಈಗ ನಾವೇ ಪಾರ್ಟಿ. ಕಳೆದ ಭಾನುವಾರ ಒಂದು ಮನೆ ನೋಡಲು ಹೋದೆವು. ಫೋಟೋದಲ್ಲಿ ದೀಪ ಮೊಟ್ಟೆಯಾಗಿದ್ದುದನ್ನು ನಾನು ಗಮನಿಸಿದ್ದೆ, ಆದರೂ ಹೋದೆವು. ಬಾಗಿಲು ತೆರೆದ ಕೂಡಲೇ ಕಿತ್ತಳೆ ವಾಸನೆ ಬಂತು. ನನಗೆ ಎಲ್ಲ ಗೊತ್ತು, ಆದರೂ ಮನಸ್ಸು ಹಗುರವಾಯಿತು. ನನ್ನ ಹೆಂಡತಿ ಒಂದು ನಿಟ್ಟುಸಿರು ಬಿಟ್ಟು, "ರೀ, ಎಷ್ಟು ನೆಮ್ಮದಿ ಅನ್ಸುತ್ತೆ ಅಲ್ವಾ?" ಎಂದಳು. ಗೋಡೆಯ ಮೇಲೆ ಮೂರು ಗೆರೆ. ಮೇಜಿನ ಮೇಲೆ ನಿಂಬೆಹಣ್ಣು. ಹಾಲಿನ ನಡುವೆ ಹಾಲಿನಂಥ ಬಿಳಿ ಸೋಫಾ.

ಏಜೆಂಟ್ ಅತ್ತ ತಿರುಗಿದಾಗ ನಾನು ಎಡ ತುದಿಯ ದಿಂಬನ್ನು ಮೆಲ್ಲಗೆ ಎತ್ತಿದೆ. ಬಾತುಕೋಳಿ ಅಲ್ಲೇ ಇತ್ತು.

ಅಮ್ಮ ಸೋಫಾ ಕಡೆ ನೋಡಲೇ ಇಲ್ಲ. ನೆಟ್ಟಗೆ ಮೂಲೆಗೆ ಹೋಗಿ ಗಿಡವನ್ನು ಪಕ್ಕಕ್ಕೆ ಸರಿಸಿ, ಗೋಡೆಗೆ ಅಂಗೈ ಒತ್ತಿ ನಿಂತರು. ಆಮೇಲೆ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಕಿಟಕಿಯಿಂದ ಬೀದಿಯ ತಿರುವು ನೋಡಿದರು. ಅಲ್ಲೊಂದು ಕಾರು ನಿಂತಿತ್ತು. ಹಿಂದಿನ ಗಾಜಿಗೆ ಬಟ್ಟೆ ಬುಟ್ಟಿ ಒತ್ತಿಕೊಂಡಿತ್ತು, ಅದರ ಪಕ್ಕ ಒಂದು ಪುಟ್ಟ ಮುಖ.

"ಇನ್ನೊಂದು ರೂಮ್ ಇದೆ ಅಮ್ಮಾ, ನೋಡ್ತೀರಾ?" ಎಂದ ಏಜೆಂಟ್.

"ಬೇಡಪ್ಪ, ಬೇಗ ಹೊರಡೋಣ," ಎಂದರು ಅಮ್ಮ. "ಆ ಮಗೂಗೆ ಬಾತ್‌ರೂಮಿಗೆ ಹೋಗ್ಬೇಕೋ ಏನೋ."